ಸ್ಟಾರ್ಟ್ ಬಟನ್ ಇಲ್ಲದ ಕಂಟ್ರೋಲರ್

ರಾತ್ರಿ ಹನ್ನೊಂದೂಕಾಲಕ್ಕೆ ನಿಂಟೆಂಡೊ ಸ್ವಿಚ್ ನನ್ನ ಮೂಗಿನ ಮೇಲೆ ಬಿತ್ತು. ಅದು ಜಪಾನಿನ ನಿಂಟೆಂಡೊ ಕಂಪನಿಯ ವಿಡಿಯೋ ಗೇಮ್ ಯಂತ್ರ. ಅಂಗಾತ ಮಲಗಿ, ಎರಡೂ ಕೈ ಮೇಲೆತ್ತಿ ಹಿಡಿದು ಆಡುತ್ತಿದ್ದೆ. ಕಣ್ಣು ಎಳೆಯಿತು, ಬೆರಳು ಸಡಿಲಾಯಿತು, ಅಷ್ಟೇ. ಎಡಬಲಕ್ಕಿರುವ ಜಾಯ್-ಕಾನ್ ಎಂಬ ಎರಡು ಪುಟ್ಟ ಕಂಟ್ರೋಲರ್ ಸೇರಿಸಿದರೆ ಅದರ ತೂಕ ಸುಮಾರು 398 ಗ್ರಾಂ. ಓದುವಾಗ ಇದೇನು ಮಹಾ ಅನಿಸುತ್ತದೆ. ನಾಲ್ಕು ಟೊಮೇಟೊ ತೂಕ. ಆ ನಾಲ್ಕು ಟೊಮೇಟೊ ಒಂದಡಿ ಮೇಲಿನಿಂದ ಮೂಗಿನ ಮೇಲೆ ಬಿದ್ದರೆ ಗೊತ್ತಾಗುತ್ತದೆ.

ಪಕ್ಕದ ಕೋಣೆಯಿಂದ ಅವ್ವ, "ಏನ್ ಬಿತ್ತು?" ಎಂದಳು.

"ಏನಿಲ್ಲ, ಫೋನು."

"ಇನ್ನೂ ಮಲ್ಕೊಂಡಿಲ್ಲೇನು?"

43 ವರ್ಷದ ಹೆಂಗಸು ಗೇಮ್ ಆಡುತ್ತ ಮೂಗು ಜಜ್ಜಿಕೊಂಡೆ ಎಂದು ಹೇಳುವುದಾದರೂ ಹೇಗೆ? ದೀಪ ಆರಿಸಿ ಮಲಗಿದೆ. ಆದರೆ ನಿದ್ದೆ ಬರಲಿಲ್ಲ, ಲೆಕ್ಕ ಶುರುವಾಯಿತು. ನಾನು ಲೆಕ್ಕಪತ್ರದ ಕೆಲಸದವಳು, ಲೆಕ್ಕ ಬಿಡುವುದಿಲ್ಲ. ಈ ಯಂತ್ರವನ್ನು ಸರಿಯಾಗಿ ಹಿಡಿದುಕೊಳ್ಳೋಕೆ ಅಂತ ಇಲ್ಲಿಯವರೆಗೆ ಏನೇನು ಕೊಂಡಿದ್ದೇನೆ? ಒಂದು ಸಿಲಿಕಾನ್ ಕವಚ. ಬೆಕ್ಕಿನ ಪಾದದ ಚಿತ್ರವಿರುವ ರಬ್ಬರ್ ಕ್ಯಾಪು, ಎರಡು ಜೊತೆ. ಹಿಂಬದಿಗೆ ಸಿಕ್ಕಿಸುವ ಒಂದು ದಪ್ಪ ಗ್ರಿಪ್ಪು. ಹೆಸರಿಲ್ಲದ ಕಂಪನಿಯ ಒಂದು ಕಂಟ್ರೋಲರ್. ಆಮೇಲೆ ಹೆಸರಿರುವ ಕಂಪನಿಯ ಇನ್ನೊಂದು. ಬೀರುವಿನ ಕೆಳಗಿನ ಖಾನೆ ತುಂಬಿದೆ. ಇಷ್ಟೆಲ್ಲ ಇದ್ದೂ ಯಂತ್ರ ಮೂಗಿನ ಮೇಲೆ ಬಿತ್ತು ಅಂದರೆ ಎಲ್ಲೋ ಎಡವಿದ್ದೇನೆ ಅಂತಲೇ ಅರ್ಥ ಅಲ್ವಾ?

ಮೊದಲು ಹಳೆಯ ಕಥೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೇಕೆ ಕಂಟ್ರೋಲರ್ ಹುಚ್ಚು ಎನ್ನುವುದು ಗೊತ್ತಾಗುವುದಿಲ್ಲ.

1993ರ ಬೇಸಿಗೆ ರಜೆ, ಹುಬ್ಬಳ್ಳಿ. ಮನೆಗೆ ವಿಡಿಯೋ ಗೇಮ್ ಬಂತು. ಹಳದಿ ಕ್ಯಾಸೆಟ್ ಹಾಕಿ ಆಡುವಂಥದ್ದು. ಅದು ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್‌ನ ನಕಲಿನ ನಕಲು ಎಂದು ಆಗ ನಮಗೆ ಗೊತ್ತಿರಲಿಲ್ಲ. ನಮಗೆ ಅದು ವಿಡಿಯೋ ಗೇಮ್, ಅಷ್ಟೇ. ಎರಡು ಕಂಟ್ರೋಲರ್ ಇದ್ದವು. ಒಂದನೆಯದು ಅಣ್ಣನದು. ಎರಡನೆಯದು ನನ್ನದು. ನನ್ನದರಲ್ಲಿ ಸ್ಟಾರ್ಟ್ ಬಟನ್ ಇರಲಿಲ್ಲ.

ಇದು ಸಣ್ಣ ಮಾತಲ್ಲ. ಸ್ಟಾರ್ಟ್ ಇಲ್ಲ ಅಂದರೆ ಗೇಮ್ ಶುರು ಮಾಡಲು ಆಗುವುದಿಲ್ಲ. ನಿಲ್ಲಿಸಲೂ ಆಗುವುದಿಲ್ಲ. ಅವನು ನೀರು ಕುಡಿಯಲು ಎದ್ದರೆ ಆಟ ನಿಲ್ಲುತ್ತಿತ್ತು. ನಾನು ಎದ್ದರೆ ಸಾಯುತ್ತಿದ್ದೆ. ಟ್ಯಾಂಕ್ ಗೇಮ್‌ನಲ್ಲಿ ನನ್ನ ಹಸಿರು ಟ್ಯಾಂಕು ಮೂಲೆಯಲ್ಲಿ ಸುಮ್ನೆ ನಿಂತಿರುತ್ತಿತ್ತು, ನಾನು ಅಡುಗೆಮನೆಯಲ್ಲಿ ಅವ್ವನಿಗೆ ತೆಂಗಿನಕಾಯಿ ತುರಿದು ಕೊಡುತ್ತಿದ್ದೆ. "ಯಾಕಣ್ಣಾ ನಂದ್ರಾಗ ಸ್ಟಾರ್ಟ್ ಇಲ್ಲ?" ಅಂದರೆ, "ಹುಡುಗ್ಯಾರ ಕಂಟ್ರೋಲರ್‌ಗೆ ಇರೂದಿಲ್ಲ" ಎಂದಿದ್ದ. ನಾನು ನಂಬಿದೆ! ಮೂವತ್ತು ದಾಟುವವರೆಗೆ ಅರ್ಧ ನಂಬಿದ್ದೆ. ಆಮೇಲೆ ಒಮ್ಮೆ ಓದಿದಾಗ ತಿಳಿಯಿತು. ಮೂಲ ಫ್ಯಾಮಿಕಾಮ್‌ನಲ್ಲೇ ಎರಡನೇ ಕಂಟ್ರೋಲರ್‌ಗೆ ಸ್ಟಾರ್ಟೂ ಇಲ್ಲ, ಸೆಲೆಕ್ಟೂ ಇಲ್ಲ. ಅವುಗಳ ಬದಲು ಒಂದು ಪುಟ್ಟ ಮೈಕ್ ಇಟ್ಟಿದ್ದರು. ನಕಲು ಮಾಡಿದವರು ಬಟನ್ ಇಲ್ಲದ್ದನ್ನು ನಕಲು ಮಾಡಿದರು, ಮೈಕ್ ಮಾತ್ರ ಬಿಟ್ಟರು.

ಅಣ್ಣ ಈಗ ದುಬೈನಲ್ಲಿದ್ದಾನೆ. 2019ರಲ್ಲಿ ಬರುವಾಗ ಸ್ವಿಚ್ ತಂದುಕೊಟ್ಟ. ಇದು 2017ರ ಮಾರ್ಚ್ 3ರಂದು ಬಿಡುಗಡೆಯಾದ ಯಂತ್ರ. ನಮ್ಮ ದೇಶದಲ್ಲಿ ಇದನ್ನು ನಿಂಟೆಂಡೊ ಅಧಿಕೃತವಾಗಿ ಮಾರಲಿಲ್ಲ. ಹಾಗಾಗಿ ಇಲ್ಲಿ ಆಡುವವರ ಕೈಯಲ್ಲಿರುವುದೆಲ್ಲ ಯಾರೋ ಹೊರಗಿನಿಂದ ತಂದದ್ದು ಅಥವಾ ಆಮದು ಅಂಗಡಿಯಲ್ಲಿ ಕೊಂಡದ್ದು. ಕೆಟ್ಟರೆ ವಾರಂಟಿ ಎಂಬ ಮಾತಿಲ್ಲ. ಅದಕ್ಕೇ ನಾವು ಬಿಡಿಸಾಮಾನು ಕೊಳ್ಳುವಾಗ ಜಾಸ್ತಿ ಯೋಚಿಸುತ್ತೇವೆ. ಯೋಚಿಸಿ ತಪ್ಪು ಸಾಮಾನನ್ನೇ ಕೊಳ್ಳುತ್ತೇವೆ, ಅದು ಬೇರೆ ಮಾತು.

ಟಿವಿಗೆ ಹಚ್ಚಿಯೂ ಆಡಬಹುದಾದ ಯಂತ್ರ ಇದು. ಆದರೆ ನಮ್ಮ ಮನೆಯಲ್ಲಿ ಟಿವಿ ಅವ್ವನದು. ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಧಾರಾವಾಹಿಗಳ ರಾಜ್ಯ. ಹಾಗಾಗಿ ನನಗೆ ಸ್ವಿಚ್ ಅಂದರೆ ಕೈಯಲ್ಲಿ ಹಿಡಿದು ಆಡುವ ಯಂತ್ರ, ಅದೂ ಮಲಗುವ ಮುಂಚಿನ ಒಂದು ಗಂಟೆ.

ಕೈಗೇಮ್‌ಗಳ ಹುಟ್ಟಿಗೂ ಇಂಥದ್ದೇ ಒಂದು ಕಳ್ಳ ಸಮಯದ ಕಥೆ ಹೇಳುತ್ತಾರೆ. ನಿಂಟೆಂಡೊದಲ್ಲಿದ್ದ ಗುನ್‌ಪೇ ಯೊಕೊಯಿ ರೈಲಿನಲ್ಲಿ ಹೋಗುವಾಗ ಬೇಜಾರಾದ ಒಬ್ಬ ಆಫೀಸ್ ನೌಕರ ಕ್ಯಾಲ್ಕುಲೇಟರ್ ಒತ್ತುತ್ತ ಕೂತದ್ದನ್ನು ನೋಡಿದರಂತೆ. ಅದರಿಂದ ಹುಟ್ಟಿದ್ದು 1980ರ ಗೇಮ್ ಆಂಡ್ ವಾಚ್. ತೊಡೆಯ ಮೇಲೆ, ಎರಡು ಅಂಗೈ ನಡುವೆ ಮರೆಯಾಗಿ ಇಟ್ಟುಕೊಂಡು, ಬರೀ ಹೆಬ್ಬೆರಳಲ್ಲಿ ಆಡುವಂಥದ್ದು. ನಾವು ಇವತ್ತಿಗೂ ಅದೇ ಹೆಬ್ಬೆರಳಲ್ಲಿ ಆಡುತ್ತಿದ್ದೇವೆ. ಕಂಟ್ರೋಲರ್ ಮೇಲಿನ ಪ್ಲಸ್ ಆಕಾರದ ದಿಕ್ಕಿನ ಬಟನ್ ಇದೆಯಲ್ಲ, ಅದೂ ಯೊಕೊಯಿ ಅವರದೇ. 1982ರ ಡಾಂಕಿ ಕಾಂಗ್ ಗೇಮ್ ಆಂಡ್ ವಾಚ್‌ನಲ್ಲಿ ಮೊದಲು ಬಂತು.

ನನ್ನ ಹೆಬ್ಬೆರಳಿನ ಗತಿ ಹೀಗಾಯಿತು. ಹಗಲೆಲ್ಲ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್. ಬಲಗೈ ನಂಬರ್ ಪ್ಯಾಡ್ ಮೇಲೆ, ಇಲ್ಲದಿದ್ದರೆ ಮೌಸ್ ಮೇಲೆ. ರಾತ್ರಿ ಸ್ವಿಚ್. 2021ರಲ್ಲಿ ಬಲಗೈ ಹೆಬ್ಬೆರಳಿನ ಬುಡದಲ್ಲಿ ನೋವು ಶುರುವಾಯಿತು. ಕುಕ್ಕರ್ ಮುಚ್ಚಳ ತಿರುಗಿಸಲು ಆಗುತ್ತಿರಲಿಲ್ಲ. ಬಟ್ಟೆ ಹಿಂಡಲು ಆಗುತ್ತಿರಲಿಲ್ಲ. ಡಾಕ್ಟರ್ ಹತ್ತಿರ ಹೋದೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಳ್ಳಿ ಎಂದರು, ಆಮೇಲೆ ಮುಷ್ಟಿಯನ್ನು ಕಿರುಬೆರಳಿನ ಕಡೆಗೆ ಬಗ್ಗಿಸಿದರು. ಕೂತ ಕುರ್ಚಿಯಿಂದ ಎದ್ದು ನಿಂತೆ. ಹೆಬ್ಬೆರಳಿನ ಸ್ನಾಯುರಜ್ಜುವಿನ ಹೊದಿಕೆ ಊದಿಕೊಂಡಿದೆ, ಎಳೆಮಕ್ಕಳನ್ನು ಎತ್ತಿಕೊಳ್ಳುವ ತಾಯಂದಿರಿಗೆ ಜಾಸ್ತಿ ಬರುತ್ತದೆ ಎಂದರು. "ಮನೇಲಿ ಮಗು ಇದೆಯಾ?"

ಇಲ್ಲ ಎಂದೆ. ಮತ್ತೇನು ಮಾಡುತ್ತೀರಿ ಅಂದಾಗ ಟ್ಯಾಲಿ ಎಂದೆ. ಸ್ವಿಚ್ ವಿಷಯ ಹೇಳಲಿಲ್ಲ. ಹೇಳಬೇಕಿತ್ತು. ಆಮೇಲೆ ಓದಿದೆ, 1990ರಲ್ಲೇ ಅಮೆರಿಕದ ಒಂದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಒಬ್ಬ ಡಾಕ್ಟರ್ ಈ ನೋವಿಗೆ 'ನಿಂಟೆಂಡಿನೈಟಿಸ್' ಅಂತಲೇ ಹೆಸರಿಟ್ಟು ಪತ್ರ ಬರೆದಿದ್ದರು. ಅವರ ಹತ್ತಿರ ಬಂದದ್ದು ಹುಡುಗನಲ್ಲ. 35 ವರ್ಷದ ಹೆಂಗಸು. ಐದು ಗಂಟೆ ಬಿಡದೆ ಆಡಿ ಬಲಗೈ ಹೆಬ್ಬೆರಳು ಕೆಡಿಸಿಕೊಂಡಿದ್ದಳು. ಆ ತಾಯಿಯ ಹೆಸರು ಗೊತ್ತಿಲ್ಲ, ಗೊತ್ತಿದ್ದರೆ ಒಂದು ನಮಸ್ಕಾರ ಹೇಳುತ್ತಿದ್ದೆ.

ಕೈಗೆ ಬೆಲ್ಟ್ ಕಟ್ಟಿಕೊಂಡು ಆರು ವಾರ ಸುಮ್ಮನಿದ್ದೆ. ಆ ಆರು ವಾರದಲ್ಲೇ ಸಾಮಾನು ಕೊಳ್ಳುವ ಚಟ ಹತ್ತಿದ್ದು. ಆಡಲು ಆಗದವರು ಆಡುವ ಸಾಮಾನಿನ ವಿಡಿಯೋ ನೋಡುತ್ತಾರೆ, ಸಕ್ಕರೆ ಕಾಯಿಲೆಯವರು ಮೈಸೂರು ಪಾಕ್ ಮಾಡುವ ವಿಡಿಯೋ ನೋಡುವ ಹಾಗೆ. ನೋಡಿದ ವಿಡಿಯೋಗಳಲ್ಲೆಲ್ಲ ಕಂಡ ಕೈಗಳು ಗಂಡಸರ ಕೈಗಳು. ದೊಡ್ಡ ಕೈಗಳು. "ಜಾಯ್-ಕಾನ್ ತುಂಬಾ ಚಿಕ್ಕದು, ಹಿಡಿತ ಸಿಗೋದಿಲ್ಲ" ಎನ್ನುವುದು ಎಲ್ಲರ ರಾಗ. ನಾನೂ ತಲೆಯಾಡಿಸಿದೆ. ನನ್ನ ಕೈ ನೋಡಿಕೊಳ್ಳಲೇ ಇಲ್ಲ.

ಮೊದಲು ಕೊಂಡದ್ದು ಹಿಂಬದಿಯ ಗ್ರಿಪ್ಪು. ಸ್ವಿಚ್ಚನ್ನು ಅದರೊಳಗೆ ಕೂರಿಸಿದರೆ ಎರಡೂ ಕಡೆ ದಪ್ಪ ಹಿಡಿ ಬರುತ್ತದೆ. ಹಿಡಿತ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಮೊದಲೇ 398 ಗ್ರಾಂ ಇದ್ದದ್ದಕ್ಕೆ ಇನ್ನೂ ನೂರು ಗ್ರಾಂ ಹತ್ತಿರ ಸೇರಿತು. ಮಲಗಿ ಆಡುವವಳಿಗೆ ಬೇಕಾದ್ದು ತೂಕ ಕಡಿಮೆ ಮಾಡುವ ಸಾಮಾನು, ಏರಿಸುವುದಲ್ಲ. ಇದು ಹೊಳೆಯಲು ಎರಡು ತಿಂಗಳು ಬೇಕಾಯಿತು.

ರಬ್ಬರ್ ಕ್ಯಾಪು ಕೊಂಡೆ. ಜಾಯ್-ಕಾನ್‌ನ ಸ್ಟಿಕ್, ಅಂದರೆ ಹೆಬ್ಬೆರಳಲ್ಲಿ ವಾಲಿಸುವ ಪುಟ್ಟ ಕೋಲು, ಗಿಡ್ಡ, ತುದಿ ಸಣ್ಣದು. ಬೆವರಿದರೆ ಹೆಬ್ಬೆರಳು ಜಾರುತ್ತದೆ. ಕ್ಯಾಪು ಹಾಕಿದರೆ ಜಾರುವುದಿಲ್ಲ, ಒತ್ತುವ ಬಲವೂ ಕಡಿಮೆ ಸಾಕು. ಎರಡು ಜೊತೆಗೆ 200 ರೂಪಾಯಿಯೂ ಆಗಲಿಲ್ಲ. ಖಾನೆಯಲ್ಲಿ ಇರುವುದರಲ್ಲಿ ಕೊಟ್ಟ ಕಾಸು ವಸೂಲಾದ ಮೊದಲ ಸಾಮಾನು ಇದೇ.

ನಮ್ಮ ಆಫೀಸಿನ ಒಬ್ಬ ಹುಡುಗ ಹೋರಿ ಕಂಪನಿಯ ಸ್ಪ್ಲಿಟ್ ಪ್ಯಾಡ್ ಪ್ರೊ ತಂದು ತೋರಿಸಿದ. 2019ರಲ್ಲಿ ಬಂದದ್ದು. ಜಾಯ್-ಕಾನ್ ತೆಗೆದು ಆ ಜಾಗಕ್ಕೆ ಇವನ್ನು ಸಿಕ್ಕಿಸಬೇಕು. ದೊಡ್ಡ ಸ್ಟಿಕ್, ದೊಡ್ಡ ಬಟನ್, ಅಂಗೈ ತುಂಬ ಹಿಡಿ. ಅವನ ಕೈಯಲ್ಲಿ ಅದು ಲಕ್ಷಣವಾಗಿ ಕೂತಿತ್ತು. ನನ್ನ ಕೈಗೆ ಬಂದಾಗ ಅಣ್ಣನ ಚಪ್ಪಲಿ ಹಾಕಿಕೊಂಡಂತಾಯಿತು. ಹಿಂದಿನ ಬಟನ್‌ಗೆ ತೋರುಬೆರಳು ಎಟುಕಿಸುವಷ್ಟರಲ್ಲಿ ಮಣಿಕಟ್ಟು ಸೊಟ್ಟ. ಜೊತೆಗೆ ಅದರಲ್ಲಿ ಬ್ಯಾಟರಿ ಇಲ್ಲ, ಆಟಕ್ಕೆ ತಕ್ಕಂತೆ ಕಂಪಿಸುವ ನಡುಕವಿಲ್ಲ, ವಾಲಿಸಿದ್ದನ್ನು ಗುರುತಿಸುವ ಗೈರೊ ಇಲ್ಲ. ಯಂತ್ರದಿಂದ ಕಳಚಿದರೆ ಬರೀ ಪ್ಲಾಸ್ಟಿಕ್ಕು. ಕೂತು ಆಡುವ, ದೊಡ್ಡ ಕೈಯವರಿಗೆ ಅದಕ್ಕಿಂತ ಒಳ್ಳೆಯದು ಕಡಿಮೆ ಎಂದೇ ಹೇಳುತ್ತೇನೆ. ನನಗಲ್ಲ.

ಗೈರೊ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದನ್ನು ನಾನು ಹೆಸರಿಲ್ಲದ ಕಂಟ್ರೋಲರ್‌ನಿಂದ ಕಲಿತೆ. 900 ರೂಪಾಯಿ. ಡಬ್ಬಿಯ ಮೇಲೆ ಎಲ್ಲವೂ ಇದೆ ಎಂದು ಬರೆದಿತ್ತು. ಆಗ ನಾನು ಜೆಲ್ಡಾ ಆಡುತ್ತಿದ್ದೆ, ಬ್ರೆತ್ ಆಫ್ ದಿ ವೈಲ್ಡ್. ಅದರಲ್ಲಿ ಒಂದು ಗುಡಿಯಿದೆ. ಒಳಗೆ ದೊಡ್ಡದೊಂದು ಚಕ್ರವ್ಯೂಹದ ಹಲಗೆ, ಅದರಲ್ಲೊಂದು ಚೆಂಡು. ಕಂಟ್ರೋಲರ್ ವಾಲಿಸಿದರೆ ಹಲಗೆ ವಾಲುತ್ತದೆ, ಚೆಂಡು ಉರುಳುತ್ತದೆ. ಚಿಕ್ಕವರಿದ್ದಾಗ ಜಾತ್ರೆಯಲ್ಲಿ ಸಿಗುತ್ತಿದ್ದ, ಸಣ್ಣ ಗುಂಡುಗಳನ್ನು ತೂತಿಗೆ ಬೀಳಿಸುವ ಡಬ್ಬಿ ಇತ್ತಲ್ಲ, ಅದೇ.

ಕಂಟ್ರೋಲರ್ ಎಡಕ್ಕೆ ವಾಲಿಸಿದೆ. ಹಲಗೆ ಅಲ್ಲಾಡಲಿಲ್ಲ. ಬಲಕ್ಕೆ ವಾಲಿಸಿದೆ. ಒಮ್ಮೆ ನಡುಗಿತು, ಮತ್ತೆ ನಿಂತಿತು. ಮಂಚದ ಮೇಲೆ ಮಂಡಿಯೂರಿ ಕೂತು, ತೊಟ್ಟಿಲು ತೂಗಿದ ಹಾಗೆ ತೂಗಿದೆ. ಚೆಂಡು ಇದ್ದಲ್ಲೇ ಇತ್ತು. ಗೈರೊ ಎನ್ನುವುದು ಡಬ್ಬಿಯ ಮೇಲೆ ಮಾತ್ರ ಇತ್ತು. ಕೊನೆಗೆ ಜಾಯ್-ಕಾನ್ ತೆಗೆದುಕೊಂಡೆ. ಚೆಂಡು ಬೆಣ್ಣೆಯಂತೆ ಉರುಳಿತು, ಮೂರನೇ ತಿರುವಿನಲ್ಲಿ ಬಿತ್ತು. ಮತ್ತೆ ಬಿತ್ತು. ಹತ್ತು ಸಲ ಬಿದ್ದಮೇಲೆ ಸಿಟ್ಟು ಬಂದು ಜಾಯ್-ಕಾನ್ ತಿರುಗಿಸಿ ಹಾಸಿಗೆಗೆ ಕುಕ್ಕಲು ಹೋದೆ. ಪರದೆಯ ಮೇಲೆ ಹಲಗೆ ತಲೆಕೆಳಗಾಯಿತು. ನೋಡಿದರೆ ಹಲಗೆಯ ಹಿಂಬದಿ ಸಪಾಟು! ಗೋಡೆಯಿಲ್ಲ, ತಿರುವಿಲ್ಲ. ಮೇಲಿನಿಂದ ಹೊಸ ಚೆಂಡು ಬಂದು ಆ ಬೋಳು ಬೆನ್ನಿನ ಮೇಲೆ ಬಿತ್ತು. ಮೆಲ್ಲಗೆ ವಾಲಿಸಿದೆ, ನೇರವಾಗಿ ಉರುಳಿಸಿ ದಾಟಿಸಿದೆ. ಇದು ಲೋಕವೆಲ್ಲ ಕಂಡುಕೊಂಡ ಉಪಾಯ ಎಂದು ಆಮೇಲೆ ತಿಳಿಯಿತು. ಆ ರಾತ್ರಿ ಮಾತ್ರ ನಾನೇ ಕಂಡುಹಿಡಿದೆ ಎಂದುಕೊಂಡಿದ್ದೆ.

ಹೆಸರಿಲ್ಲದ ಕಂಟ್ರೋಲರ್‌ನ ಕಥೆ ಅಲ್ಲಿಗೆ ಮುಗಿಯಲಿಲ್ಲ. ನಾಲ್ಕನೇ ತಿಂಗಳಿಗೆ ಗೇಮ್‌ನಲ್ಲಿ ನನ್ನ ಹುಡುಗ ತಾನಾಗಿಯೇ ಎಡಕ್ಕೆ ನಡೆಯತೊಡಗಿದ. ಬಂಡೆಯ ಅಂಚಿನಲ್ಲಿ ನಿಲ್ಲಿಸಿ ಚಹಾ ಕುಡಿಯಲು ಕೈ ಬಿಟ್ಟರೆ ನಿಧಾನಕ್ಕೆ ನಡೆದು ಹೋಗಿ ಬೀಳುತ್ತಿದ್ದ. ಮೊದಮೊದಲು ನನ್ನದೇ ತಪ್ಪು ಎಂದುಕೊಂಡೆ. ಹೆಬ್ಬೆರಳು ತಾಗಿರಬೇಕು, ಸರಿಯಾಗಿ ನಿಲ್ಲಿಸಿರಲಿಕ್ಕಿಲ್ಲ. ಯಂತ್ರ ತಪ್ಪು ಮಾಡಿದಾಗ ಮೊದಲು ನಮ್ಮನ್ನೇ ಬೈದುಕೊಳ್ಳುವ ಬುದ್ಧಿ ನನಗೆ ಎಲ್ಲಿಂದ ಬಂತೋ. ಎರಡನೇ ಕಂಟ್ರೋಲರ್ ಹಿಡಿದು ಬೆಳೆದವಳಲ್ಲವೇ.

ಇದಕ್ಕೆ ಡ್ರಿಫ್ಟ್ ಅನ್ನುತ್ತಾರೆ. ಕಾರಣ ಹುಡುಕುತ್ತ ಹೋದಾಗ ನನಗೆ ನೆನಪಾದದ್ದು ಅಪ್ಪನ ರೇಡಿಯೋ. ಹಳೆಯ ರೇಡಿಯೋದ ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತಿತ್ತಲ್ಲ? ಗುಂಡಿಯೊಳಗೆ ಇಂಗಾಲ ಬಳಿದ ಒಂದು ಪಟ್ಟಿ ಇರುತ್ತದೆ. ಅದರ ಮೇಲೆ ಲೋಹದ ಸಣ್ಣ ನಾಲಿಗೆ ಉಜ್ಜುತ್ತ ಹೋಗುತ್ತದೆ. ನಾಲಿಗೆ ಎಲ್ಲಿದೆ ಎನ್ನುವುದರ ಮೇಲೆ ಕರೆಂಟು ಎಷ್ಟು ಹೋಗಬೇಕು ಎನ್ನುವುದು ನಿಂತಿದೆ. ವರ್ಷಗಟ್ಟಲೆ ಉಜ್ಜಿದರೆ ಪಟ್ಟಿ ಸವೆಯುತ್ತದೆ, ಧೂಳು ಕೂರುತ್ತದೆ, ಅಳತೆ ತಪ್ಪುತ್ತದೆ. ರೇಡಿಯೋದಲ್ಲಿ ಅದು ಕರಕರ. ಕಂಟ್ರೋಲರ್‌ನ ಸ್ಟಿಕ್ಕಿನೊಳಗೂ ಇರುವುದು ಅದೇ ತತ್ವ, ಅಡ್ಡಕ್ಕೊಂದು, ಉದ್ದಕ್ಕೊಂದು. ಅಲ್ಲಿ ಸವೆದರೆ ಸದ್ದಿಲ್ಲ. ಹುಡುಗ ಬಂಡೆಯಿಂದ ಬೀಳುತ್ತಾನೆ. ಅಪ್ಪನ ರೇಡಿಯೋಗೆ ಸೀಮೆಎಣ್ಣೆ ಹನಿ ಬಿಟ್ಟು ಗುಂಡಿಯನ್ನು ಇಪ್ಪತ್ತು ಸಲ ಆಚೀಚೆ ತಿರುಗಿಸುತ್ತಿದ್ದರು. ಒಂದು ವಾರ ಸರಿ ಇರುತ್ತಿತ್ತು. ಕಂಟ್ರೋಲರ್‌ಗೆ ಸೀಮೆಎಣ್ಣೆ ಬಿಡಬೇಡಿ. ಸೆಟ್ಟಿಂಗ್ಸ್‌ನಲ್ಲಿ ಸ್ಟಿಕ್ ಕ್ಯಾಲಿಬ್ರೇಟ್ ಮಾಡುವ, ಅಂದರೆ ಅದರ ಅಳತೆ ಸರಿಪಡಿಸುವ ದಾರಿ ಇದೆ, ಅದರಿಂದಲೂ ಒಂದಷ್ಟು ದಿನ ತಳ್ಳಬಹುದು.

ಅಗ್ಗದ್ದು ಕೊಂಡರೆ ಹೀಗೇ ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಜಾಯ್-ಕಾನ್ ಡ್ರಿಫ್ಟ್ ಲೋಕಪ್ರಸಿದ್ಧ. 2019ರಲ್ಲಿ ಅಮೆರಿಕದಲ್ಲಿ ಕೋರ್ಟಿಗೂ ಹೋಯಿತು. 2020ರ ಜೂನ್‌ನಲ್ಲಿ ಶೇರುದಾರರ ಪ್ರಶ್ನೆಗೆ ಉತ್ತರಿಸುವಾಗ ನಿಂಟೆಂಡೊ ಅಧ್ಯಕ್ಷ ಶುಂಟಾರೊ ಫುರುಕಾವಾ ಜಾಯ್-ಕಾನ್‌ನಿಂದ ಆದ ತೊಂದರೆಗೆ ಕ್ಷಮೆ ಕೇಳಿದರು. ನನ್ನ ಜಾಯ್-ಕಾನ್ ಇನ್ನೂ ಸರಿ ಇದೆ. ಅದಕ್ಕೆ ನಾನು ದಿನಕ್ಕೆ ಒಂದೇ ಗಂಟೆ ಆಡುವುದು ಕಾರಣವೋ, ಅದೃಷ್ಟವೋ.

ಇದಕ್ಕೆ ಪರಿಹಾರ ಹೊಸದೇನಲ್ಲ. 1879ರಲ್ಲಿ ಎಡ್ವಿನ್ ಹಾಲ್ ಎಂಬ ಅಮೆರಿಕದ ವಿಜ್ಞಾನಿ ಕಂಡದ್ದು. ಕರೆಂಟು ಹರಿಯುವ ತೆಳು ತಗಡಿನ ಹತ್ತಿರ ಅಯಸ್ಕಾಂತ ತಂದರೆ ಅಡ್ಡಡ್ಡಲಾಗಿ ಒಂದು ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಸ್ಟಿಕ್ಕಿನ ಬುಡಕ್ಕೆ ಪುಟ್ಟ ಅಯಸ್ಕಾಂತ ಇಟ್ಟು, ಕೆಳಗೆ ಈ ಹಾಲ್ ಸೆನ್ಸರ್ ಇಟ್ಟರೆ ಆಯಿತು. ಒಂದಕ್ಕೊಂದು ಮುಟ್ಟುವುದೇ ಇಲ್ಲ. ಮುಟ್ಟದಿದ್ದರೆ ಉಜ್ಜುವುದಿಲ್ಲ, ಉಜ್ಜದಿದ್ದರೆ ಸವೆಯುವ ಮಾತೇ ಇಲ್ಲ. ಎಷ್ಟೋ ಎಲೆಕ್ಟ್ರಿಕ್ ಸ್ಕೂಟರ್‌ಗಳ ಆಕ್ಸಿಲರೇಟರ್ ಕೆಲಸ ಮಾಡುವುದು ಇದರಿಂದಲೇ. ಸೇಗಾ ಕಂಪನಿ 1998ರ ಡ್ರೀಮ್‌ಕಾಸ್ಟ್ ಕಂಟ್ರೋಲರ್‌ನಲ್ಲೇ ಇದನ್ನು ಹಾಕಿತ್ತು! ಆಮೇಲೆ ಯಾಕೋ ಹೆಚ್ಚಿನವರೆಲ್ಲ ಉಜ್ಜುವ ಸ್ಟಿಕ್ಕನ್ನೇ ಹಾಕಿದರು. 2025ರ ಜೂನ್ 5ರಂದು ಬಂದ ಸ್ವಿಚ್ 2ರ ಜಾಯ್-ಕಾನ್ ಯಂತ್ರಕ್ಕೆ ಅಂಟಿಕೊಳ್ಳುವುದು ಅಯಸ್ಕಾಂತದಿಂದ. ಸ್ಟಿಕ್ ಮಾತ್ರ ಹಾಲ್ ಸ್ಟಿಕ್ ಅಲ್ಲ ಎಂದು ಕಂಪನಿಯೇ ಹೇಳಿತು. ಅಯಸ್ಕಾಂತ ಕೈಯಲ್ಲೇ ಇತ್ತಲ್ಲ ಮಾರಾಯ್ರೆ, ಇನ್ನೆರಡು ಒಳಗೆ ಹಾಕಬಾರದಿತ್ತೇ?

ಹಾಲ್ ಸ್ಟಿಕ್ ಇರುವುದೇ ಬೇಕು ಎಂದು ತೀರ್ಮಾನಿಸಿ ಒಂದು ಶನಿವಾರ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಾಮಾನಿನ ಬೀದಿ ಎಸ್‌ಪಿ ರಸ್ತೆಗೆ ಹೋದೆ. ಆನ್‌ಲೈನ್‌ನಲ್ಲಿ ಮೂರು ಸಲ ಸೋತಿದ್ದೆ. ಈ ಸಲ ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳುವುದು. ಮೆಟ್ಟಿಲು ಹತ್ತಿದರೆ ಸಿಗುವ ಒಂದು ಸಣ್ಣ ಅಂಗಡಿ. ಗಾಜಿನ ಕಪಾಟಿನ ಹಿಂದೆ ಇಪ್ಪತ್ತೆರಡರ ಹುಡುಗ.

"ಮಗನಿಗಾ ಮೇಡಂ?"

"ನನಗೆ."

ಒಂದು ಕ್ಷಣ ನೋಡಿದ. ಆಮೇಲೆ ಒಳ್ಳೆಯ ಅಂಗಡಿಯವನು ಕೇಳಬೇಕಾದ್ದನ್ನೇ ಕೇಳಿದ. "ಕೂತು ಆಡ್ತೀರಾ, ಮಲಗಿ ಆಡ್ತೀರಾ?" ಇಷ್ಟು ವರ್ಷದಲ್ಲಿ ಯಾವ ವಿಡಿಯೋದವರೂ ಇದನ್ನು ಕೇಳಿರಲಿಲ್ಲ.

ಮೊದಲು ನಿಂಟೆಂಡೊದ ಪ್ರೊ ಕಂಟ್ರೋಲರ್ ಕೊಟ್ಟ. ಒಂದು ಚಾರ್ಜಿಗೆ 40 ಗಂಟೆ, ಗೈರೊ ಇದೆ, ನಡುಕ ಇದೆ. ಹಿಡಿದರೆ ಸುಖವಾಗಿತ್ತು. 246 ಗ್ರಾಂ. ಟಿವಿ ಮುಂದೆ ಸೋಫಾದಲ್ಲಿ ಕೂರುವವರಿಗೆ ಕಣ್ಣುಮುಚ್ಚಿ ಹೇಳಬಹುದು. ಆದರೆ ನನ್ನ ಸೋಫಾ ಅವ್ವನ ಕೈಯಲ್ಲಿದೆ. ಆಮೇಲೆ ಎಯ್ಟ್‌ಬಿಟ್‌ಡೊ ಕಂಪನಿಯ ಎಸ್‌ಎನ್30 ಪ್ರೊ ಕೊಟ್ಟ, ಹಾಲ್ ಸ್ಟಿಕ್ ಹಾಕಿದ ಹೊಸದು. 1990ರ ಸೂಪರ್ ಫ್ಯಾಮಿಕಾಮ್ ಕಂಟ್ರೋಲರ್‌ನ ಆಕಾರ, ನಾಯಿಗೆ ಹಾಕುವ ಎಲುಬಿನ ಬಿಸ್ಕತ್ತಿನ ಹಾಗೆ. ಹಿಡಿಯೇ ಇಲ್ಲ, ತೆಳ್ಳಗೆ, ಹಗುರ. ಎರಡೂ ಅಂಗೈ ನಡುವೆ ಕೂತಿತು. ಹೆಬ್ಬೆರಳು ಎಲ್ಲ ಬಟನ್‌ಗೂ ಬಗ್ಗದೆ ಎಟುಕಿತು. "ಇದು ಚಿಕ್ಕದು ಅಂತ ಯಾರೂ ತಗೊಳ್ಳಲ್ಲ ಮೇಡಂ" ಎಂದ ಹುಡುಗ. ಡ್ರಾಯರ್‌ನಿಂದ ಸ್ವಿಚ್ ತೆಗೆದು ಜೋಡಿಸಿಕೊಟ್ಟ. ಗೈರೊ ನೋಡಿದೆ, ಸ್ಟಿಕ್ ತಿರುಗಿಸಿ ಬಿಟ್ಟು ಪರದೆಯ ಮೇಲಿನ ಚುಕ್ಕಿ ನಡುವಿಗೆ ಬಂದು ನಿಲ್ಲುತ್ತದೋ ಎಂದು ನೋಡಿದೆ. ನಿಂತಿತು. ಕೊಂಡೆ.

ಮನೆಗೆ ಬಂದು ಎರಡು ವಾರ ಅದರಲ್ಲೇ ಆಡಿದೆ. ಒಳ್ಳೆಯ ಕಂಟ್ರೋಲರ್. ಆದರೂ ಒಂದು ವಿಷಯ ಒಪ್ಪಿಕೊಳ್ಳಬೇಕು. ಅದನ್ನು ಹಿಡಿಯಲೂ ಎರಡು ಕೈ ಹೊಟ್ಟೆಯ ಮೇಲೆ ಸೇರಲೇಬೇಕು. ಮಗ್ಗುಲಾಗಿ ಮಲಗಿದರೆ ಕೆಳಗಿನ ಭುಜ ಜೋಮು ಹಿಡಿಯುತ್ತದೆ. ಮೂಗು ಜಜ್ಜಿದ್ದು ಇದೇ ಕಾಲದಲ್ಲಿ. ಭುಜಕ್ಕೆ ಬೇಜಾರಾಗಿ ಒಂದು ರಾತ್ರಿ ಮತ್ತೆ ಸ್ವಿಚ್ಚನ್ನೇ ಎತ್ತಿ ಹಿಡಿದಿದ್ದೆ.

ಆ ನಿದ್ದೆ ಬಾರದ ರಾತ್ರಿಯ ಲೆಕ್ಕದಲ್ಲಿ ಕೊನೆಗೆ ಸಿಕ್ಕ ಉತ್ತರ ಡಬ್ಬಿಯಲ್ಲೇ ಬಂದಿತ್ತು. ಜಾಯ್-ಕಾನ್ ಎರಡು. ಕಳಚುತ್ತವೆ. ಒಂದೊಂದು ಸುಮಾರು 50 ಗ್ರಾಂ. ಅಂದರೆ ಎರಡು ಕೈ ಒಂದೇ ಕಡೆ ಇರಬೇಕೆಂಬ ನಿಯಮವೇ ಇಲ್ಲ. ಕಂಟ್ರೋಲರ್ ಎಂದರೆ ಎರಡು ಕೈಗೆ ಬೇಡಿ ಹಾಕುವ ವಸ್ತು ಎಂದು 1993ರಿಂದ ನಂಬಿಕೊಂಡು ಬಂದಿದ್ದೆ. ಕಳಚಿ ಕೊಟ್ಟಿದ್ದನ್ನು ಮತ್ತೆ ಕೂಡಿಸಲು ನಾಲ್ಕು ವರ್ಷ ದುಡ್ಡು ಸುರಿದೆ.

ಮರುದಿನ 250 ರೂಪಾಯಿಯ ಮಡಚುವ ಮೊಬೈಲ್ ಸ್ಟ್ಯಾಂಡ್ ತಂದೆ. 2017ರ ಮಾದರಿಯ ಬೆನ್ನಿಗಿರುವ, ಯಂತ್ರ ನಿಲ್ಲಿಸುವ ಕಡ್ಡಿ ಬಹಳ ತೆಳು, ಚಾರ್ಜಿಂಗ್ ತೂತೂ ಕೆಳಗಿದೆ. ಸ್ಟ್ಯಾಂಡ್ ಆದರೆ ಎರಡಕ್ಕೂ ತೊಂದರೆಯಿಲ್ಲ. ಮಂಚದ ಪಕ್ಕದ ಸ್ಟೂಲಿನ ಮೇಲೆ ಸ್ವಿಚ್. ನಾನು ಎಡ ಮಗ್ಗುಲಲ್ಲಿ. ಎಡಗೈಯ ಜಾಯ್-ಕಾನ್ ದಿಂಬಿನ ಪಕ್ಕ. ಬಲಗೈಯದು ಕೌದಿಯೊಳಗೆ, ಸೊಂಟದ ಮೇಲೆ. ಮಣಿಕಟ್ಟು ನೇರ. ಹೆಬ್ಬೆರಳು ಮಾತ್ರ ಅಲ್ಲಾಡುತ್ತದೆ, ಅದರ ಕೆಳಗೆ ಬೆಕ್ಕಿನ ಪಾದ. ಚಳಿಗಾಲದಲ್ಲಿ ಇದಕ್ಕಿಂತ ಸುಖ ನನಗೆ ಗೊತ್ತಿಲ್ಲ. ಕತ್ತಲಲ್ಲಿ ನೋಡಿದರೆ ನಾನು ಸುಮ್ನೆ ಮಲಗಿಕೊಂಡು ಟಿವಿ ನೋಡುತ್ತಿರುವಂತೆ ಕಾಣುತ್ತದೆ. ಅವ್ವನಿಗೂ ಹಾಗೇ ಕಂಡಿತು. ಬೈಗುಳ ಕಡಿಮೆಯಾಯಿತು.

ಒಂದೇ ಮಾತು ನೆನಪಿಡಿ. ಜಾಯ್-ಕಾನ್ ಚಾರ್ಜ್ ಆಗುವುದು ಯಂತ್ರಕ್ಕೆ ಸಿಕ್ಕಿಸಿದಾಗ. ಡಬ್ಬಿಯಲ್ಲಿ ಬರುವ ಗ್ರಿಪ್ಪಿನಲ್ಲಿ ಇಟ್ಟರೆ ಆಗುವುದಿಲ್ಲ, ಚಾರ್ಜ್ ಮಾಡುವ ಗ್ರಿಪ್ಪು ಬೇರೆ ಕೊಳ್ಳಬೇಕು. ಮಲಗುವಾಗ ವಾಪಸ್ ಸಿಕ್ಕಿಸಿಟ್ಟರೆ ಆಯಿತು, ಇಪ್ಪತ್ತು ಗಂಟೆಯಷ್ಟು ಬರುತ್ತದೆ.

ಹೊರಗೆ ಒಯ್ಯಲು ಚೀಲ ಬೇಕಿತ್ತು. ಅವ್ವ ಹಳೆಯ ಸೀರೆ ತುಂಡು, ಖಣದ ತುಂಡು ಸೇರಿಸಿ ಸಣ್ಣ ಕೌದಿಯ ಹಾಗೆ ಹೊಲಿದು ಚೀಲ ಮಾಡಿಕೊಟ್ಟಳು. ಫೋನಿಗೆ ಇಷ್ಟು ದೊಡ್ಡ ಚೀಲ ಯಾಕೆ ಎಂದು ಕೇಳಲಿಲ್ಲ. ಅಂದರೆ ಅವಳಿಗೆ ಎಲ್ಲ ಗೊತ್ತು. ಮೆತ್ತನೆಯ ಚೀಲದಲ್ಲಿ ಸ್ಟಿಕ್ ಒತ್ತಿ ವಾಲಿಕೊಂಡು ಕೂರುತ್ತದೆ, ಅದು ಒಳ್ಳೆಯದಲ್ಲ, ಗಟ್ಟಿ ಡಬ್ಬಿಯೇ ವಾಸಿ. ಹಾಗಾಗಿ ಗಟ್ಟಿ ಡಬ್ಬಿ ಕೊಂಡು ಅದನ್ನು ಅವ್ವನ ಚೀಲದೊಳಗೆ ಇಟ್ಟಿದ್ದೇನೆ.

ಹೋದ ಡಿಸೆಂಬರ್‌ನಲ್ಲಿ ಅಣ್ಣ ಬಂದಿದ್ದ. ಭಾನುವಾರ ಮಧ್ಯಾಹ್ನ, ಧಾರಾವಾಹಿ ಇಲ್ಲದ ಹೊತ್ತು. ಟಿವಿಗೆ ಹಚ್ಚಿ ಮಾರಿಯೋ ಕಾರ್ಟ್ ಹಾಕಿದೆ. ಇಬ್ಬರಿಗೆ ಬೇರೆ ಕಂಟ್ರೋಲರ್ ಬೇಡ, ಒಂದೊಂದು ಜಾಯ್-ಕಾನ್ ಅಡ್ಡಲಾಗಿ ಹಿಡಿದರೆ ಸಾಕು. ಹಿಡಿಯುವ ಮುಂಚೆ ಅದರ ಅಂಚಿಗೆ ಕೈದಾರದ ಪಟ್ಟಿ ಸಿಕ್ಕಿಸಬೇಕು. ಪಟ್ಟಿಯ ಮೇಲೂ ಪ್ಲಸ್ ಇಲ್ಲವೇ ಮೈನಸ್ ಗುರುತು ಇರುತ್ತದೆ, ಜಾಯ್-ಕಾನ್ ಮೇಲೂ ಇರುತ್ತದೆ, ಎರಡೂ ಹೊಂದಬೇಕು. ತಿರುಗುಮುರುಗು ಹಾಕಿದರೆ ಹೋಗಿ ಕಚ್ಚಿಕೊಂಡುಬಿಡುತ್ತದೆ. ಇದನ್ನು ನಾನು ಮೊದಲ ವಾರವೇ ಮಾಡಿ, ಅರ್ಧ ಗಂಟೆ ಎಳೆದಾಡಿ ಉಗುರು ಮುರಿದುಕೊಂಡವಳು. ಅಣ್ಣನಿಗೆ ಹೇಳುವಷ್ಟರಲ್ಲಿ ಅವನೂ ತಿರುಗಿಸಿ ಹಾಕಿದ. ಇಬ್ಬರೂ ಸೇರಿ ಎಳೆದೆವು.

"ಯಾವ್ದ ಬೇಕು?" ಎಂದು ಕೇಳಿದ.

ಎಡಗಡೆಯದು ಎಂದೆ. ಯೋಚಿಸಿಯೇ ಹೇಳಿದೆ. ಎಡಗಡೆಯದನ್ನು ಅಡ್ಡ ಹಿಡಿದರೆ ಸ್ಟಿಕ್ ತುದಿಗೆ ಬರುತ್ತದೆ, ಹೆಬ್ಬೆರಳಿಗೆ ಸರಿಯಾಗಿ. ಬಲಗಡೆಯದರಲ್ಲಿ ಸ್ಟಿಕ್ ನಡುಮಧ್ಯಕ್ಕೆ ಬರುತ್ತದೆ. ಎಡಗೈ ಹೆಬ್ಬೆರಳು ಚಾಚಿ ಚಾಚಿ ಆಡಬೇಕು, ಎರಡು ಹೆಬ್ಬೆರಳು ಪಕ್ಕಪಕ್ಕ ಗುದ್ದಾಡುತ್ತವೆ.

ಎರಡನೇ ರೇಸಿಗೆ ಅಣ್ಣ ಕೈ ಕೊಡವತೊಡಗಿದ. "ಏನ್ ಇದು, ಕೈಯಾಗ ಹಿಡಿಯಾಕ ಬರವಲ್ದು. ನಿಂದ್ ಕೊಡ ಇಲ್ಲೆ."

"ಇಲ್ಲ."

ಮೂರನೇ ಸುತ್ತಿನಲ್ಲಿ ಅವನು ಮೊದಲಿದ್ದ, ನಾನು ನಾಲ್ಕನೆಯವಳು. ಕೊನೆಯ ತಿರುವು ಬರುತ್ತಿತ್ತು. ಅಡುಗೆಮನೆಯಿಂದ ಅವ್ವ ಕೂಗಿದಳು. ನಾನು ನನ್ನ ಜಾಯ್-ಕಾನ್‌ನ ಮೈನಸ್ ಬಟನ್ ಒತ್ತಿದೆ. ಪರದೆ ನಿಂತಿತು.

"ಏ, ಯಾಕ ನಿಲ್ಲಿಸಿದಿ?"

"ಅವ್ವ ಕರ್ಯಾಕತ್ತಾಳ. ಹೋಗಿ ಕಾಯಿ ತುರದು ಕೊಡು ಹೋಗು."